ಹಳೇ ಪಿಸಿನೇ ಇಟ್ಕೊಂಡು ವಿಆರ್‌ಗೂ ಅಲ್ಟ್ರಾವೈಡ್‌ಗೂ ರೆಡಿ ಮಾಡಿದ್ದು: ನನ್ನ ಅನುಭವ

ನನ್ನ ಹತ್ರ ಇದ್ದಿದ್ದು 2018ರ ಕಾಲದ ಪಿಸಿ. ರೈಜನ್ 5 2600 ಪ್ರೊಸೆಸರ್, ಬಿ450 ಬೋರ್ಡು, ಜಿಟಿಎಕ್ಸ್ 1060 6 ಜಿಬಿ ಗ್ರಾಫಿಕ್ಸ್ ಕಾರ್ಡು, 16 ಜಿಬಿ ಡಿಡಿಆರ್4 ರ‍್ಯಾಮ್, 550 ವ್ಯಾಟಿನ ಪವರ್ ಸಪ್ಲೈ, 24 ಇಂಚಿನ ಫುಲ್ ಎಚ್‌ಡಿ ಮಾನಿಟರ್. ನಾನು ಹೆಚ್ಚಾಗಿ ಆಡೋದು ಅಸೆಟ್ಟೊ ಕೋರ್ಸಾ ಮತ್ತೆ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020, ಅಂದ್ರೆ ಕಾರೊಳಗೆ, ವಿಮಾನದೊಳಗೆ ಕೂತು ಸುತ್ತ ನೋಡೋ ಆಟಗಳು, ಹಾಗಾಗಿ ಅಲ್ಟ್ರಾವೈಡ್ ಅನ್ನೋ ಅಗಲದ ಮಾನಿಟರ್ ಮತ್ತೆ ಕಣ್ಣಿಗೆ ಹಾಕ್ಕೊಂಡು ಆಟದೊಳಗೇ ಇದ್ದ ಹಾಗೆ ನೋಡೋ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಎರಡೂ ಬೇಕು ಅಂತ ತುಂಬಾ ದಿನದಿಂದ ಆಸೆ ಇತ್ತು. ಅಮೆರಿಕದಿಂದ ರಜಕ್ಕೆ ಬಂದ ಚಿಕ್ಕಪ್ಪನ ಮಗ ಮೆಟಾ ಕಂಪನಿಯ ಕ್ವೆಸ್ಟ್ 3 ಹೆಡ್‌ಸೆಟ್ ತಂದುಕೊಟ್ಟ ಮೇಲೆ ಆ ಆಸೆಗೆ ರೆಕ್ಕೆ ಬಂತು. ಕೇಳಿದವರೆಲ್ಲ ಇದನ್ನ ಬಿಟ್ಟಾಕು, ಹೊಸ ಪಿಸಿ ಕಟ್ಟಿಸು ಅಂದ್ರು. ನನಗೆ ಮಾತ್ರ ಆ ಬೋರ್ಡು, ರ‍್ಯಾಮ್, ಕ್ಯಾಬಿನೆಟ್ ಎಲ್ಲ ಚೆನ್ನಾಗೇ ಇರುವಾಗ ಎಸೆಯೋಕೆ ಮನಸ್ಸು ಒಪ್ಪಲಿಲ್ಲ. ಮೊದಲು ಲೆಕ್ಕ ಹಾಕೋಣ ಅಂತ ಕೂತೆ.

ಫುಲ್ ಎಚ್‌ಡಿ ಅಂದ್ರೆ 1920×1080, ಸುಮಾರು 20.7 ಲಕ್ಷ ಪಿಕ್ಸೆಲ್. 34 ಇಂಚಿನ ಅಲ್ಟ್ರಾವೈಡ್ 3440×1440, ಅಂದ್ರೆ 49.5 ಲಕ್ಷ, ಹತ್ತತ್ರ ಎರಡೂವರೆ ಪಟ್ಟು. ಕ್ವೆಸ್ಟ್ 3ರಲ್ಲಿ ಒಂದೊಂದು ಕಣ್ಣಿಗೆ 2064×2208, ಎರಡೂ ಸೇರಿದ್ರೆ 91 ಲಕ್ಷ, ಇದು 4ಕೆ ಟಿವಿಗಿಂತ ಜಾಸ್ತಿ. ಸಾಲದು ಅಂತ ಲೆನ್ಸು ಚಿತ್ರವನ್ನ ಬಗ್ಗಿಸತ್ತಲ್ಲ, ಅದನ್ನ ಸರಿಮಾಡಿ ತೋರಿಸೋಕೆ ಪ್ಯಾನೆಲ್‌ಗಿಂತ ದೊಡ್ಡ ಚಿತ್ರವನ್ನ ಕಾರ್ಡು ರೆಂಡರ್ ಮಾಡಿದ್ರೇನೇ (ಅಂದ್ರೆ ಬಿಡಿಸಿದ್ರೇನೇ) ಪೂರ್ತಿ ಶಾರ್ಪ್ ಕಾಣೋದು.

ಬರೀ ಪಿಕ್ಸೆಲ್ ಲೆಕ್ಕ ನೋಡಿದ್ರೆ ದೊಡ್ಡ ಕಾರ್ಡ್ ಹಾಕಿದ್ರೆ ಮುಗೀತು ಅನ್ಸತ್ತೆ. ಆದ್ರೆ ವಿಆರ್‌ನಲ್ಲಿ ಇನ್ನೊಂದು ಲೆಕ್ಕ ಇದೆ, ಟೈಮಿಂದು. 90 ಹರ್ಟ್ಸ್‌ನಲ್ಲಿ, ಅಂದ್ರೆ ಸೆಕೆಂಡಿಗೆ 90 ಚಿತ್ರ ತೋರಿಸುವಾಗ, ಒಂದು ಫ್ರೇಮಿಗೆ (ಒಂದು ಚಿತ್ರಕ್ಕೆ) ಸಿಗೋದು 11.1 ಮಿಲಿಸೆಕೆಂಡ್, 72 ಹರ್ಟ್ಸ್‌ನಲ್ಲಿ 13.9. ಅಷ್ಟರೊಳಗೆ ಪ್ರೊಸೆಸರ್ರೂ ತನ್ನ ಕೆಲಸ ಮುಗಿಸಬೇಕು, ಕಾರ್ಡೂ ಮುಗಿಸಬೇಕು. ಬಸ್ಸು ಹೊರಟ ಮೇಲೆ ಸ್ಟಾಪಿಗೆ ಬಂದ ಹಾಗೆ, ಅರ್ಧ ಮಿಲಿಸೆಕೆಂಡ್ ತಡ ಆದ್ರೂ ಆ ಫ್ರೇಮು ಹೋಯ್ತು. ಮಾನಿಟರ್‌ನಲ್ಲಿ 70 ಎಫ್‌ಪಿಎಸ್ (ಸೆಕೆಂಡಿಗೆ 70 ಫ್ರೇಮ್) ಆಗಾಗ 50ಕ್ಕೆ ಬಿದ್ರೆ, ಮಾನಿಟರಿನ ವೇಗವನ್ನ ಕಾರ್ಡಿಗೆ ಹೊಂದಿಸೋ ಫ್ರೀಸಿಂಕ್ ಸುಧಾರಿಸಿಕೊಳ್ಳತ್ತೆ, ನಮಗೆ ಗೊತ್ತೇ ಆಗಲ್ಲ. ತಲೆಗೆ ಹಾಕ್ಕೊಂಡ ಹೆಡ್‌ಸೆಟ್ಟಲ್ಲಿ ಅದೇ ಆದ್ರೆ ಕತ್ತು ತಿರುಗಿಸಿದಾಗ ಲೋಕ ಎಲ್ಲ ಜರ್ಕ್ ಹೊಡೆಯತ್ತೆ, ಸ್ವಲ್ಪ ಹೊತ್ತಲ್ಲೇ ಹೊಟ್ಟೆ ತೊಳೆಸೋಕೆ ಶುರು ಆಗತ್ತೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು, ಅಲ್ಟ್ರಾವೈಡ್ ಕೇಳೋದು ಕಾರ್ಡಿನ ತಾಕತ್ತು, ವಿಆರ್ ಕೇಳೋದು ಅದರ ಜೊತೆಗೆ ಒಂದೂ ಫ್ರೇಮ್ ತಪ್ಪಿಸದ ಪ್ರೊಸೆಸರ್. ಎವರೇಜ್ ಎಫ್‌ಪಿಎಸ್ ನೋಡಿ ವಿಆರ್ ಪಿಸಿ ಕಟ್ಟೋಕೆ ಹೋಗ್ಬೇಡಿ.

ದುಡ್ಡು ಬಿಚ್ಚೋ ಮುಂಚೆ ಮನೇಲೇ ಒಂದು ಟೆಸ್ಟ್ ಮಾಡ್ದೆ, ಎಲ್ಲರೂ ಮಾಡಲೇಬೇಕಾದ ಟೆಸ್ಟು ಇದು. ಎಫ್‌ಪಿಎಸ್ ತೋರಿಸೋ ಎಂಎಸ್‌ಐ ಆಫ್ಟರ್‌ಬರ್ನರ್ ಸಾಫ್ಟ್‌ವೇರ್ ಹಾಕ್ಕೊಂಡು ಆಟ ಆಡ್ತಾ ರೆಸಲ್ಯೂಶನ್ ಕಮ್ಮಿ ಮಾಡ್ತಾ ಹೋಗಿ. ಎಫ್‌ಪಿಎಸ್ ಏರಿದ್ರೆ ತಡೀತಿದ್ದಿದ್ದು ಕಾರ್ಡು, ಎಷ್ಟು ಇಳಿಸಿದ್ರೂ ಏರಲಿಲ್ಲ ಅಂದ್ರೆ ಪ್ರೊಸೆಸರ್. ನನ್ನ ಪಿಸಿಲಿ ಅಸೆಟ್ಟೊ ಕೋರ್ಸಾದಲ್ಲಿ ಒಬ್ಬನೇ ಓಡಿಸುವಾಗ ಕಾರ್ಡು ತಡೀತಿತ್ತು, ಇಪ್ಪತ್ತಕ್ಕೂ ಹೆಚ್ಚು ಕಾರಿನ ರೇಸ್ ಶುರು ಆದ ತಕ್ಷಣ ಪ್ರೊಸೆಸರ್ ತಡೀತಿತ್ತು. ಫ್ಲೈಟ್ ಸಿಮ್ಯುಲೇಟರಲ್ಲಿ ದೊಡ್ಡ ಊರಿನ ಏರ್‌ಪೋರ್ಟಲ್ಲಿ ನಿಂತ್ರೆ ರೆಸಲ್ಯೂಶನ್ ಏನೇ ಇಟ್ರೂ ಅದೇ ನಂಬರು, ಯಾಕಂದ್ರೆ ಅದರ ಕೆಲಸದ ಬಹುಪಾಲು ಒಂದೇ ಥ್ರೆಡ್ (ಒಂದು ಕೋರಲ್ಲಿ ಸಾಲಾಗಿ ನಡೆಯೋ ಕೆಲಸ) ಮೇಲೆ ಬೀಳತ್ತೆ, ಪ್ರೊಸೆಸರಲ್ಲಿ ಎಷ್ಟು ಕೋರ್ ಇದ್ರೂ ಆ ಒಂದು ಥ್ರೆಡ್ಡೇ ದಾರಿ ಕಾಯಿಸೋದು.

ಇಲ್ಲೇ ನನ್ನ ಬಿ450 ಥರ ಎಎಂ4 (ಪ್ರೊಸೆಸರ್ ಕೂರೋ ಸಾಕೆಟ್ಟಿನ ಹೆಸರು) ಬೋರ್ಡ್ ಇಟ್ಕೊಂಡವರ ಅದೃಷ್ಟ. ಅದೇ ಸಾಕೆಟ್ಟಿಗೆ ಎಎಂಡಿ 2022ರಲ್ಲಿ 5800ಎಕ್ಸ್3ಡಿ, ಆಮೇಲೆ 2024ರ ಜನವರಿಲಿ 5700ಎಕ್ಸ್3ಡಿ ಬಿಟ್ರು. ಎರಡರಲ್ಲೂ 8 ಕೋರು, 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗೇ ಇರೋ ವೇಗದ ಮೆಮರಿ). ಸಿಮ್ ಆಟಗಳಿಗೆ ಆ ಕ್ಯಾಶ್ ಮುಖ್ಯ, ಪದೇ ಪದೇ ಬೇಕಾಗೋ ಡೇಟಾಗೆ ರ‍್ಯಾಮ್ ತನಕ ಹೋಗಿ ಬರೋ ಓಡಾಟ ಉಳಿಯತ್ತೆ, ಹಾಗಾಗಿ ತಡವಾಗೋ ಫ್ರೇಮುಗಳು ಕಮ್ಮಿ ಆಗತ್ತೆ. ನಾನು 5700ಎಕ್ಸ್3ಡಿ ತಗೊಂಡೆ. ಹೊಸ ಎಎಂ5ಗೆ ಹೋಗಿದ್ರೆ ಬೋರ್ಡು, ಡಿಡಿಆರ್5 ರ‍್ಯಾಮ್ ಎಲ್ಲ ಹೊಸದು ಬೇಕಿತ್ತು, 2025ರ ಕೊನೆಗೆ ರ‍್ಯಾಮ್ ಬೆಲೆ ಏರಿದ ರೀತಿ ನೋಡಿದ್ಮೇಲಂತೂ ಹಳೇದನ್ನ ಉಳಿಸ್ಕೊಂಡಿದ್ದು ಎಷ್ಟು ಒಳ್ಳೇದಾಯ್ತು ಅನ್ಸತ್ತೆ. ಈಗ ಈ ಚಿಪ್ ಅಂಗಡೀಲಿ ಹೊಸದು ಸಿಗೋದು ಕಷ್ಟ, ಸೆಕೆಂಡ್ ಹ್ಯಾಂಡಲ್ಲಿ ತಗೊಳ್ಳೋದಾದ್ರೆ ಕೆಳಗಿನ ಪಿನ್ನುಗಳು ಒಂದೂ ಬಗ್ಗಿಲ್ಲ ಅಂತ ಬೆಳಕಿಗೆ ಹಿಡಿದು ನೋಡಿ ತಗೊಳ್ಳಿ.

ಚಿಪ್ ಬದಲಾಯಿಸೋ ಕ್ರಮ ಸ್ವಲ್ಪ ಬಿಡಿಸಿ ಹೇಳ್ತೀನಿ. ಹಳೇ ಪ್ರೊಸೆಸರ್ ಇರುವಾಗಲೇ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕು, ಬೋರ್ಡ್ ಕಂಪನಿಯ ಸೈಟಲ್ಲಿ ನಿಮ್ಮ ಬೋರ್ಡಿನ ಸಪೋರ್ಟ್ ಲಿಸ್ಟ್ ನೋಡಿ ಯಾವ ವರ್ಶನ್ ಬೇಕು ಅಂತ ತಿಳ್ಕೊಂಡು, ಪೆನ್ ಡ್ರೈವಿಗೆ ಹಾಕ್ಕೊಂಡು. ಆ ಮಧ್ಯೆ ಕರೆಂಟ್ ಹೋದ್ರೆ ಬೋರ್ಡೇ ಸತ್ತು ಹೋಗಬಹುದು, ಹಾಗಾಗಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕ್ಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ವಿಂಡೋಸಲ್ಲಿ ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಆನ್ ಇದ್ರೆ ರಿಕವರಿ ಕೀ ಬರೆದಿಟ್ಕೊಳ್ಳಿ, ಪ್ರೊಸೆಸರ್ ಬದಲಾದ್ರೆ ಒಳಗಿನ ಟಿಪಿಎಂ (ಆ ಬೀಗದ ಗುಟ್ಟು ಇಟ್ಕೊಳ್ಳೋ ಭಾಗ) ಬದಲಾಗತ್ತೆ, ಆಗ ಕೀ ಕೇಳತ್ತೆ. ಹಳೇ ಕೂಲರ್ ತೆಗೆಯೋ ಮುಂಚೆ ಒಂದು ಹತ್ತು ಹದಿನೈದು ನಿಮಿಷ ಆಟ ಓಡಿಸಿ ಪೇಸ್ಟ್ ಬಿಸಿ ಆಗಲಿ, ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನ ಆ ಕಡೆ ಈ ಕಡೆ ಮೆಲ್ಲಗೆ ತಿರುಚ್ತಾ ಎತ್ತಿ. ನೇರ ಎಳೆದ್ರೆ ಎಎಂ4ನಲ್ಲಿ ಚಿಪ್ಪೇ ಸಾಕೆಟ್ಟಿಂದ ಕಿತ್ಕೊಂಡು ಬಂದ್ಬಿಡತ್ತೆ. 2600 ಜೊತೆ ಬಂದ ಸಣ್ಣ ಕೂಲರ್ 65 ವ್ಯಾಟಿನ ಚಿಪ್ಪಿಗೆ ಮಾಡಿದ್ದು, 5700ಎಕ್ಸ್3ಡಿ 105 ವ್ಯಾಟಿಂದು, ಅದರ ಡಬ್ಬದಲ್ಲಿ ಕೂಲರ್ ಬರಲ್ಲ, ಅದಕ್ಕೆ ಒಂದು ಟವರ್ ಕೂಲರ್ ಬೇರೆ ತಗೊಂಡೆ. ಬಯೋಸ್ ಅಪ್‌ಡೇಟ್ ಆದ್ಮೇಲೆ ಸೆಟ್ಟಿಂಗ್ ಎಲ್ಲ ಅಳಿಸಿ ಹೋಗಿರತ್ತೆ, ರ‍್ಯಾಮನ್ನ ಪೂರ್ತಿ ವೇಗದಲ್ಲಿ ಓಡಿಸೋ ಎಕ್ಸ್‌ಎಂಪಿ ಸೆಟ್ಟಿಂಗ್ ವಾಪಸ್ ಆನ್ ಮಾಡೋದು ಮರೀಬೇಡಿ, ಇಲ್ಲಾಂದ್ರೆ 3200ರ ರ‍್ಯಾಮು 2400ರಲ್ಲೋ 2666ರಲ್ಲೋ ಓಡ್ತಾ ಇರತ್ತೆ.

ಹಳೇ 1060 ಕಾರ್ಡಲ್ಲೇ ಮೊದಲು ಓಡಿಸಿ ನೋಡ್ದೆ. ಎವರೇಜ್ ಅಷ್ಟೇನೂ ಏರಲಿಲ್ಲ, ಆದ್ರೆ ರೇಸ್ ಶುರುವಲ್ಲಿ ಕಾರುಗಳೆಲ್ಲ ಗುಂಪಾಗಿ ಮೊದಲನೇ ತಿರುವಿಗೆ ಹೋಗುವಾಗ ತೊದಲ್ತಾ ಇದ್ದಿದ್ದು ಪೂರ್ತಿ ನಿಂತು ಹೋಯ್ತು. ಅದನ್ನ ನೋಡಿ ನನಗಾದ ಖುಷಿ ಆಮೇಲೆ ದುಬಾರಿ ಕಾರ್ಡ್ ಹಾಕಿದಾಗಲೂ ಅಷ್ಟು ಆಗಲಿಲ್ಲ.

ಕಾರ್ಡ್ ವಿಷಯಕ್ಕೆ ಬಂದ್ರೆ, ಬಿ450 ಬೋರ್ಡಲ್ಲಿ ಕಾರ್ಡಿಗೆ ಡೇಟಾ ಓಡಾಡೋ ದಾರಿ ಪಿಸಿಐ ಎಕ್ಸ್‌ಪ್ರೆಸ್ 3.0. ಆರ್‌ಟಿಎಕ್ಸ್ 4060, 4060 ಟಿಐ ಥರದ ಕಾರ್ಡುಗಳು 16ರ ಬದಲು 8 ಲೇನ್ ಮಾತ್ರ ಬಳಸತ್ತೆ, 4.0 ಬೋರ್ಡಲ್ಲಿ ಅದು ಸಾಕು, ನಮ್ಮ 3.0 ಬೋರ್ಡಲ್ಲಿ ಅರ್ಧ ದಾರಿ ಆಗತ್ತೆ, ವಿಡಿಯೋ ಮೆಮರಿ ತುಂಬಿದಾಗ ಅದರ ಪೆಟ್ಟು ಜೋರಾಗಿ ಬೀಳತ್ತೆ. ಹಾಗಾಗಿ ಹಳೇ ಬೋರ್ಡ್ ಇರೋರು 16 ಲೇನಿನ ಕಾರ್ಡೇ ನೋಡಿ. ನಾನು ನೋಡಿದ್ದು ಎರಡು, 16 ಜಿಬಿಯ ಆರ್‌ಎಕ್ಸ್ 7800 ಎಕ್ಸ್‌ಟಿ ಮತ್ತೆ 12 ಜಿಬಿಯ ಆರ್‌ಟಿಎಕ್ಸ್ 4070 ಸೂಪರ್. ಮೆಮರಿ ನೋಡಿದ್ರೆ ಮೊದಲನೇದು, ಆದ್ರೆ ಫ್ಲೈಟ್ ಸಿಮ್ಯುಲೇಟರಲ್ಲಿ ಡಿಎಲ್‌ಎಸ್‌ಎಸ್ (ಸಣ್ಣ ಚಿತ್ರ ಬಿಡಿಸಿ ದೊಡ್ಡದು ಮಾಡಿ ಕಾರ್ಡಿನ ಭಾರ ಇಳಿಸೋದು, ಆರ್‌ಟಿಎಕ್ಸ್ ಕಾರ್ಡಲ್ಲಿ ಮಾತ್ರ ಇರೋದು) ನನಗೆ ಬೇಕೇ ಬೇಕಿತ್ತು, 220 ವ್ಯಾಟಲ್ಲಿ ಮುಗಿಯತ್ತೆ ಅನ್ನೋದೂ ಸೇರಿ 4070 ಸೂಪರ್ ಆಯ್ತು. ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಯ್ತು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವಾಗ ಟೇಪ್ ತಗೊಂಡು ಕ್ಯಾಬಿನೆಟ್ ಒಳಗಿನ ಉದ್ದ ಅಳೆದು ಬರ್ಕೊಂಡು ಹೋಗಿದ್ದೆ, ಮೂರು ಫ್ಯಾನಿನ ಎಷ್ಟೋ ಕಾರ್ಡು 30 ಸೆಂಟಿಮೀಟರ್ ದಾಟತ್ತೆ. ಬಿಲ್ಲಲ್ಲಿ ಸೀರಿಯಲ್ ನಂಬರ್ ಬರೆಸ್ಕೊಳ್ಳಿ, ವಾರಂಟಿಗೆ ಅದೇ ಆಧಾರ.

ಪವರ್ ಸಪ್ಲೈನೂ 750 ವ್ಯಾಟಿಂದು ಹೊಸದು ಹಾಕ್ದೆ. ಲೆಕ್ಕಕ್ಕೆ ಹಳೇ 550 ಸಾಕಾಗ್ತಿತ್ತು, ಆದ್ರೆ ಅಷ್ಟು ವರ್ಷ ಧೂಳಲ್ಲಿ ಓಡಿದ ಸಪ್ಲೈ ಮೇಲೆ ಹೊಸ ಕಾರ್ಡಿನ ಭಾರ ಹಾಕೋಕೆ ನಾನು ಒಪ್ಪಲ್ಲ. ಕಾರ್ಡಿನ ಹೊಸ ಥರದ ಪವರ್ ಪ್ಲಗ್ಗನ್ನ ಸಂದಿ ಕಾಣದ ಹಾಗೆ ಪೂರ್ತಿ ಒತ್ತಿ ಕೂರಿಸಬೇಕು, ಅರ್ಧ ಕೂತಿದ್ರೆ ಬಿಸಿಯಾಗಿ ಕರಗೋ ಅಪಾಯ ಇದೆ.

ನಮ್ಮ ಕಡೆ ಯಾರೂ ಹೇಳದ ಒಂದು ವಿಷಯ ಯುಪಿಎಸ್. ಮನೆಗಳಲ್ಲಿ ಸಾಮಾನ್ಯವಾಗಿ ಇರೋ 600 ವಿಎ ಯುಪಿಎಸ್ ಕೊಡೋದು 360 ವ್ಯಾಟ್ ಅಷ್ಟೇ. ಹಳೇ ಪಿಸಿಗೆ ಅದು ಧಾರಾಳ ಆಗಿತ್ತು. ಈಗ ಕಾರ್ಡ್ 220, ಪ್ರೊಸೆಸರ್, ಮಾನಿಟರ್, ಫ್ಯಾನ್ ಎಲ್ಲ ಸೇರಿ ಸುಮಾರು 400 ಹತ್ರ ಹೋಗತ್ತೆ, ಆಟದ ಮಧ್ಯೆ ಕರೆಂಟ್ ಹೋದ್ರೆ ಯುಪಿಎಸ್ ಕೀ ಅಂತ ಕೂಗಿ ಪಿಸಿನೇ ಆಫ್. ನಾನು 1100 ವಿಎ, 660 ವ್ಯಾಟಿಂದು ಹಾಕಿಸ್ದೆ. ಅಪ್‌ಗ್ರೇಡ್ ಬಜೆಟ್ ಹಾಕುವಾಗ ಇದನ್ನೂ ಸೇರಿಸ್ಕೊಳ್ಳಿ.

ಮಾನಿಟರ್ ತಗೊಂಡಿದ್ದು ಕೊನೆಗೆ, ಅದೂ ಬೇಕಂತಲೇ. 32 ಇಂಚಿಗಿಂತ ದೊಡ್ಡ ಮಾನಿಟರಿಗೆ ಜಿಎಸ್‌ಟಿ 28% ಇತ್ತು, 34 ಇಂಚಿನ ಅಲ್ಟ್ರಾವೈಡ್ ಆ ಸ್ಲ್ಯಾಬಲ್ಲೇ ಬರ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18% ಆಯ್ತು, ಆಮೇಲೆ ತಗೊಂಡೆ. ಎತ್ತರದಲ್ಲಿ ಇದು 27 ಇಂಚಿನ ಮಾನಿಟರಿನಷ್ಟೇ, ಅಗಲ ಮಾತ್ರ 80 ಸೆಂಟಿಮೀಟರ್. ಟೇಬಲ್ ಆಳ ಕಮ್ಮಿ ಇದ್ರೆ ಕಣ್ಣಿಗೆ ತೀರಾ ಹತ್ರ ಆಗತ್ತೆ, ನಾನು ಸ್ಟ್ಯಾಂಡ್ ತೆಗೆದು ಆರ್ಮ್ ಹಾಕಿ ಗೋಡೆ ಕಡೆ ತಳ್ಳಿದೀನಿ. ಮಾನಿಟರ್ ಪ್ಯಾನೆಲಲ್ಲಿ ವಿಎ, ಐಪಿಎಸ್ ಅಂತ ಬೇರೆ ಬೇರೆ ವಿಧ ಇವೆ, ವಿಎ ತಗೊಂಡ್ರೆ ಕಪ್ಪು ಚೆನ್ನಾಗಿ ಕಪ್ಪಾಗೇ ಕಾಣತ್ತೆ, ಆದ್ರೆ ರಾತ್ರಿ ರೇಸಲ್ಲಿ ಕತ್ತಲ ಭಾಗ ಮಸಿ ಎಳೆದ ಹಾಗೆ ಹರಡತ್ತೆ, ಅದಕ್ಕೆ ನಾನು ಐಪಿಎಸ್ ಆರಿಸ್ಕೊಂಡೆ. ಕೇಬಲ್ ಡಿಸ್‌ಪ್ಲೇಪೋರ್ಟೇ ಹಾಕಿ, ಎಚ್‌ಡಿಎಂಐ 2.0 ಇರೋ ಮಾನಿಟರಲ್ಲಿ ಈ ರೆಸಲ್ಯೂಶನ್ನಿಗೆ ಸಾಮಾನ್ಯವಾಗಿ 100 ಹರ್ಟ್ಸಿಗೇ ನಿಂತು ಹೋಗತ್ತೆ. ಎಲ್ಲಾ ಆಟನೂ 21:9ಗೆ ಹೊಂದಲ್ಲ, ಎಲ್ಡನ್ ರಿಂಗ್ ಎರಡು ಪಕ್ಕದಲ್ಲೂ ಕಪ್ಪು ಪಟ್ಟಿ ಬಿಟ್ಟು 16:9ರಲ್ಲೇ ಓಡತ್ತೆ. ರೇಸಿಂಗಲ್ಲಿ ಮಾತ್ರ ಪಕ್ಕದ ಕನ್ನಡಿ, ಪಕ್ಕದಲ್ಲಿ ನುಗ್ಗೋ ಕಾರು ಎರಡೂ ಒಟ್ಟಿಗೆ ಕಾಣೋದು ದೊಡ್ಡ ಲಾಭ.

ಇನ್ನು ಹೆಡ್‌ಸೆಟ್. ಕ್ವೆಸ್ಟ್‌ನಲ್ಲಿ ಡಿಸ್‌ಪ್ಲೇಪೋರ್ಟ್ ಇಲ್ಲ, ಕಾರ್ಡು ಚಿತ್ರವನ್ನ ವಿಡಿಯೋ ಥರ ಎನ್‌ಕೋಡ್ ಮಾಡಿ ಕಳಿಸತ್ತೆ, ಹೆಡ್‌ಸೆಟ್ ಅದನ್ನ ಬಿಚ್ಚಿ ತೋರಿಸತ್ತೆ. ಹಾಗಾಗಿ ಕಾರ್ಡಿನ ಎನ್‌ಕೋಡರ್ ಕೂಡ ಮುಖ್ಯ, ನನ್ನ ಕಾರ್ಡಿನ 40 ಸೀರೀಸಲ್ಲಿ ಎವಿ1 ಅನ್ನೋ ಹೊಸ ವಿಡಿಯೋ ಫಾರ್ಮ್ಯಾಟಿನ ಎನ್‌ಕೋಡರ್ ಇದೆ, ಕ್ವೆಸ್ಟ್ 3 ಅದನ್ನ ಓದತ್ತೆ. ವೈಫೈಲಿ ಆಡೋದಾದ್ರೆ ಪಿಸಿಯಿಂದ ರೌಟರಿಗೆ ಕಡ್ಡಾಯವಾಗಿ ಈಥರ್ನೆಟ್ ಕೇಬಲ್, ರೌಟರ್ ಆಡೋ ರೂಮಲ್ಲೇ, ಹೆಡ್‌ಸೆಟ್ 5 ಗಿಗಾಹರ್ಟ್ಸಲ್ಲಿ. ಮನೆಯವರೆಲ್ಲ ವಿಡಿಯೋ ನೋಡೋ ರೌಟರಲ್ಲೇ ಇದನ್ನೂ ಓಡಿಸಿದ್ರೆ ಚಿತ್ರ ಒಡೆಯತ್ತೆ, ಒಂದು ಬೇರೆ ರೌಟರ್ ಇದಕ್ಕಂತಲೇ ಇಟ್ಟಿದೀನಿ. ಹೆಡ್‌ಸೆಟ್ ಬಳಸದೇ ಇರುವಾಗ ಲೆನ್ಸ್ ಕಡೆಗೆ ಬಿಸಿಲು ಬೀಳಬಾರದು, ಲೆನ್ಸು ಭೂತಗನ್ನಡಿ ಥರ ಬೆಳಕನ್ನ ಒಂದು ಬಿಂದುಗೆ ತಂದು ಒಳಗಿನ ಸ್ಕ್ರೀನ್ ಸುಟ್ಟುಬಿಡತ್ತೆ. ಕಮ್ಮಿ ಬೆಲೆಗೆ ಸಿಗತ್ತೆ ಅಂತ ಎಚ್‌ಪಿ ರಿವರ್ಬ್ ಜಿ2 ಥರದ ಹಳೇ ಹೆಡ್‌ಸೆಟ್ ತಗೊಳ್ಳೋಕೆ ಹೊರಟಿದ್ರೆ ನಿಲ್ಲಿ, ಅವು ನಂಬ್ಕೊಂಡಿದ್ದ ವಿಂಡೋಸ್ ಮಿಕ್ಸ್ಡ್ ರಿಯಾಲಿಟಿಯನ್ನ ಮೈಕ್ರೋಸಾಫ್ಟ್ ವಿಂಡೋಸ್ 11ರ 24ಎಚ್2 ವರ್ಶನಲ್ಲಿ ತೆಗೆದುಹಾಕಿದೆ.

ಈಗ ನಾನು ಓಡಿಸ್ತಿರೋ ಸೆಟ್ಟಿಂಗ್ ಹೇಳ್ತೀನಿ. ಅಸೆಟ್ಟೊ ಕೋರ್ಸಾ 90 ಹರ್ಟ್ಸ್, ನೆರಳು ಮತ್ತೆ ಕನ್ನಡಿ ಕ್ವಾಲಿಟಿ ಮೀಡಿಯಂ, ಅಷ್ಟು ಇಟ್ರೆ ತುಂಬಿದ ರೇಸಲ್ಲೂ ಫ್ರೇಮ್ ಟೈಮ್ 11ರ ಒಳಗೇ ಇರತ್ತೆ. ಫ್ಲೈಟ್ ಸಿಮ್ಯುಲೇಟರ್ 72 ಹರ್ಟ್ಸಲ್ಲಿ ಇಟ್ಟು, ಡಿಎಲ್‌ಎಸ್‌ಎಸ್ ಕ್ವಾಲಿಟಿ ಮೋಡ್, ಟೆರೈನ್ ಡೀಟೇಲ್ ಮತ್ತೆ ಏರ್‌ಪೋರ್ಟ್ ಟ್ರಾಫಿಕ್ ಇಳಿಸಿ, ಕಾಕ್‌ಪಿಟ್ ಸ್ಕ್ರೀನುಗಳ ರಿಫ್ರೆಶ್ ಲೋ ಮಾಡಿದೀನಿ, ಈ ಕೊನೆಯ ಮೂರೂ ಪ್ರೊಸೆಸರಿನ ಭಾರ ಇಳಿಸೋವು. ಆದ್ರೂ ದೊಡ್ಡ ನಗರದ ಮೇಲೆ ಕೆಳಗೆ ಹಾರಿದ್ರೆ 72 ಹಿಡಿಯಲ್ಲ, 36ಕ್ಕೆ ಇಳಿದು ಮಧ್ಯದ ಫ್ರೇಮನ್ನ ಸಾಫ್ಟ್‌ವೇರೇ ತುಂಬತ್ತೆ, 12 ಜಿಬಿ ಮೆಮರಿನೂ ಅಲ್ಲೇ ತುಂಬಿ ಬರತ್ತೆ, ಟೆಕ್ಸ್ಚರ್ ಹೈ ಇಂದ ಮೀಡಿಯಂಗೆ ಇಳಿಸಿದ್ರೆ ಸರಿ ಹೋಗತ್ತೆ. ಊರ ಹೊರಗೆ, ಘಟ್ಟದ ಮೇಲೆ ಹಾರುವಾಗ ಹೈ ಇಟ್ಟೇ ಆರಾಮಾಗಿ ಹಾರಬಹುದು.