ಮೊಟ್ಟೆ ಮುಟ್ಟದೆ ಇಮಿಟೇಟರ್ ಕಪ್ಪೆಯ ಮರಿ ಮಾಡಿಸಿದ ನನ್ನ ಅನುಭವ

"ಮೊಟ್ಟೆ ತೆಗೆದು ಬೇರೆ ಕಪ್‌ನಲ್ಲಿ ಇಡದಿದ್ದರೆ ಒಂದು ಮರಿಯೂ ಉಳಿಯಲ್ಲ" ಎಂದು ಇಲ್ಲಿ ನೆದರ್ಲೆಂಡ್ಸ್‌ನ ಎಂಡ್‌ಹೋವನ್‌ನಲ್ಲಿ ಕಪ್ಪೆ ಸಾಕುವ ಹಳಬರು ಹೇಳುತ್ತಲೇ ಇದ್ದರು. ಈಗ ನನ್ನ ಒಂದೇ ಜೋಡಿಯಿಂದ 15ರ ಹತ್ತಿರ ಮರಿಗಳು ಬಂದಿವೆ. ಗೊದಮೊಟ್ಟೆಯಾಗಿದ್ದಾಗ ಒಂದಕ್ಕೂ ನಾನು ತಿನ್ನಲು ಹಾಕಿಲ್ಲ.

ಪೆರುವಿನ ತಾರಾಪೋಟೋ ಸುತ್ತಲಿನ ಕಾಡಿನ ಕಪ್ಪೆ ಇದು, ರಾನಿಟೋಮೇಯಾ ಇಮಿಟೇಟರ್. ಉದ್ದ 2 ಸೆಂಟಿಮೀಟರ್ ಆಸುಪಾಸು. ಸಾಕಣೆಯಲ್ಲೇ ಹುಟ್ಟಿದ, ಕಾಗದಪತ್ರ ಇರುವ ಜೋಡಿಗೆ ಸುಮಾರು 120 ಯೂರೋ ಕೊಟ್ಟೆ. ಗಾಜಿನ ತೊಟ್ಟಿ, ಲೈಟು, ಮಂಜು ಸಿಂಪಡಿಸುವ ಪಂಪು ಸೇರಿ ಇನ್ನೊಂದು 600. ಮೊದಮೊದಲು ನಾನೂ ಮೊಟ್ಟೆ ತೆಗೆದು ಕಪ್‌ನಲ್ಲೇ ಸಾಕಿದೆ. ಅರ್ಧಕ್ಕರ್ಧ ಮರಿಗಳ ಮುಂಗಾಲು ದಾರದ ಹಾಗೆ ಸಣ್ಣ. ನಿಲ್ಲೋಕಾಗದೆ ಸತ್ತವು. ನೀರು ಬದಲಿಸಿದೆ, ವಿಟಮಿನ್ ಪುಡಿ ಬದಲಿಸಿದೆ. ದುಡ್ಡು ಹೋಯಿತು, ಕಾಲು ಸರಿಯಾಗಲಿಲ್ಲ.

ಕಾಡಿನಲ್ಲಿ ಈ ಕೆಲಸ ಅಪ್ಪ ಅಮ್ಮನದು ಅಲ್ವಾ? ಅವರಿಗೇ ಬಿಟ್ಟೆ. ಹಳೇ ಕ್ಯಾಮೆರಾ ರೀಲಿನ ಕಪ್ಪು ಡಬ್ಬಿಗಳನ್ನು ಗಾಜಿಗೆ ಅಂಟಿಸಿದೆ. ಕೆಲವು ಓರೆಯಾಗಿ, ಮೊಟ್ಟೆಗೆ. ಕೆಲವು ನೇರವಾಗಿ, ನೀರು ತುಂಬಿ. ಗಂಡು ಗೊದಮೊಟ್ಟೆಯನ್ನು ಬೆನ್ನ ಮೇಲೆ ಹೊತ್ತು ಒಂದೊಂದು ಡಬ್ಬಿಗೆ ಒಂದರಂತೆ ಬಿಟ್ಟಿತು. ಆಮೇಲೆ ಡಬ್ಬಿಯ ಬಾಯಲ್ಲಿ ಕೂತು ಟ್ರರ್ರ್ ಎಂದು ಹೆಣ್ಣನ್ನು ಕರೆಯಿತು. ಹೆಣ್ಣು ಬಂದು ಹಿಂದಿನಿಂದ ನೀರಿಗಿಳಿಯಿತು. ಗೊದಮೊಟ್ಟೆ ಅದರ ಮೈಗೆ ಒತ್ತಿಕೊಂಡು ಗಡಗಡ ಅಲುಗಿತು, ಹಸಿವಾಗಿದೆ ಎಂದು. ಆಗ ತಾಯಿ ಕಪ್ಪೆ ಮರಿಯಾಗದ ಒಂದು ಮೊಟ್ಟೆ ಇಟ್ಟಿತು. ಅದೇ ಊಟ. ಹೀಗೆ ಬೆಳೆದ ಮರಿಗಳಲ್ಲಿ ಸಣಕಲು ಕಾಲು ಒಂದರಲ್ಲೂ ಕಂಡಿಲ್ಲ. ಈ ಗಂಡು ಹೆಣ್ಣು ಬಹುತೇಕ ಜೋಡಿಯಾಗಿಯೇ ಉಳಿಯುತ್ತವೆ ಎಂದು 2010ರಲ್ಲಿ ಡಿಎನ್‌ಎ ನೋಡಿ ತೋರಿಸಿದ್ದಾರೆ. ಹಾಗಾಗಿ ಜೋಡಿ ಒಡೆಯಬೇಡಿ.

ನಡುವೆ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ನೀರು ತುಂಬಿದ ಅಗಲ ಬಾಯಿಯ ಬಟ್ಟಲನ್ನೂ ಇಟ್ಟೆ. ಕಪ್ಪೆಗಳು ಅತ್ತ ತಿರುಗಿಯೂ ನೋಡಲಿಲ್ಲ. ಪೆರುವಿನಲ್ಲೂ ಅಷ್ಟೇ, ಗಿಡಗಳಲ್ಲಿ ನೀರು ನಿಲ್ಲುವ ದೊಡ್ಡ ಕುಳಿಗಳು ಇವುಗಳ ನೆಂಟ ವೇರಿಯಾಬಿಲಿಸ್ ಕಪ್ಪೆಗೆ, ಚಿಕ್ಕವು ಇವಕ್ಕೆ.

ನಿಜವಾದ ಕಷ್ಟ ತಾಯಿಯ ಹೊಟ್ಟೆ ತುಂಬಿಸೋದು. ಊಟ ಕಮ್ಮಿಯಾದರೆ ಮೊಟ್ಟೆ ನಿಲ್ಲುತ್ತದೆ, ಡಬ್ಬಿಯಲ್ಲಿ ಮರಿ ಸಾಯುತ್ತದೆ. ಒಂದು ಸಲ ಕಪ್ಪೆಗಳ ಊಟಕ್ಕೆಂದು ಹಣ್ಣು ನೊಣ ಬೆಳೆಸುವ ಬಾಟಲಿಗಳಿಗೆಲ್ಲಾ ನುಸಿ ಹತ್ತಿ ಎರಡು ಗೊದಮೊಟ್ಟೆ ಹೋದವು. ಈಗ ಮೊದಲಿಗಿಂತ ದುಪ್ಪಟ್ಟು ನೊಣ ಹಾಕುತ್ತೇನೆ. ನೊಣ ಬೆಳೆಸುವ ಹಿಟ್ಟಿಗೆ ಏನು ಬೆರೆಸುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಡಬ್ಬಿಯ ನೀರಿಗೆ ಕಾಡು ಬಾದಾಮಿ ಎಲೆಯ ಚೂರು ಹಾಕುತ್ತೇನೆ. ನಮ್ಮ ಕರಾವಳಿಯ ಶಾಲೆ ಅಂಗಳದಲ್ಲಿ ಗುಡಿಸಿ ಹಾಕುವ ಎಲೆ, ಇಲ್ಲಿ 10 ಎಲೆಗೆ 5 ಯೂರೋ!

ಕೆಲವು ಮರಿಗಳನ್ನು ತಲಾ 40 ಯೂರೋಗೆ ಕೊಟ್ಟೆ. ನೊಣದ ಖರ್ಚು ಹುಟ್ಟಿದೆ, ತೊಟ್ಟಿಯದು ಇನ್ನೂ ಇಲ್ಲ. ಇದೇ ಗುಂಪಿನ ವಾಂಜೋಲಿನೀ ಕಪ್ಪೆಯಲ್ಲೂ ಅಪ್ಪ ಅಮ್ಮ ಸೇರಿಯೇ ಮರಿ ಸಾಕುತ್ತವೆ. ಒಂದು ಜೋಡಿಗೆ ಹೇಳಿಟ್ಟಿದ್ದೇನೆ, ಅದೇ ಡಬ್ಬಿಗಳಲ್ಲಿ ನೋಡಬೇಕು.