ವಚನದ ತಾಡೋಲೆ ಪ್ರತಿಗಳ ನಂಟು ಗುರುತಿಸುವುದು: ಲಾಖ್ಮನ್ ತೋರಿದ ದಾರಿ

ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿದ್ದು ಕೂಡಿಸಿದಂಥ ವಚನದ ಕಟ್ಟುಗಳು ಐದಾರು ಸಿಕ್ಕರೆ, ಹೆಚ್ಚು ಪ್ರತಿಗಳಲ್ಲಿ ಇದ್ದದ್ದೇ ಸರಿ ಎಂದು ತೀರ್ಮಾನಿಸಬೇಡಿ. ನಾಲ್ಕು ಪ್ರತಿ ಒಂದೇ ಓಲೆಯಿಂದ ಇಳಿದಿದ್ದರೆ ನಾಲ್ಕೂ ಸೇರಿ ಒಂದೇ ಸಾಕ್ಷಿ. ಪ್ರತಿಗಳ ನಂಟನ್ನು ಹೀಗೆ ತೂಗಿ ನೋಡುವ ಶಿಸ್ತನ್ನು ಗಟ್ಟಿಗೊಳಿಸಿದವರಲ್ಲಿ ಜರ್ಮನಿಯ ವಿದ್ವಾಂಸ ಕಾರ್ಲ್ ಲಾಖ್ಮನ್ (1793–1851) ಪ್ರಮುಖರು.

ಪ್ರತಿಗಳಿಗೆ ಕ, ಖ, ಗ ಎಂದು ಗುರುತು ಕೊಡಿ. ಹುಳು ಕಡಿಮೆ ತಿಂದ ಪ್ರತಿಯನ್ನು ಪೂರ್ತಿ ಬರೆದುಕೊಳ್ಳಿ, ಪುಟಕ್ಕೊಂದೇ ವಚನ. ಉಳಿದವುಗಳ ವ್ಯತ್ಯಾಸವನ್ನಷ್ಟೇ ಪಕ್ಕದಲ್ಲಿ ಗುರುತಿಸಿ. ಓಲೆಯ ಸಂಖ್ಯೆ, ಬದಿ, ಸಾಲು ಬಿಡಬೇಡಿ. ಓಲೆಗಳಲ್ಲಿ ಎ–ಏ, ಒ–ಓ ಭೇದ ಸಾಮಾನ್ಯವಾಗಿ ಕಾಣದು. ಅದನ್ನು ಪಾಠಾಂತರವೆಂದು, ಅಂದರೆ ಪ್ರತಿಯಿಂದ ಪ್ರತಿಗೆ ಬದಲಾದ ಮಾತೆಂದು ಬರೆದರೆ ಪಟ್ಟಿ ಸುಮ್ಮನೆ ಉಬ್ಬುತ್ತದೆ.

ನಂಟು ಹೇಳುವುದು ಸರಿಯಾದ ಪಾಠವಲ್ಲ, ಹಂಚಿಕೊಂಡ ತಪ್ಪು. ಅದರಲ್ಲೂ ಎಲ್ಲ ತಪ್ಪಿಗೂ ಒಂದೇ ತೂಕವಿಲ್ಲ. ಬಸವಣ್ಣನವರ ‘ಕಳಬೇಡ ಕೊಲಬೇಡ’ದಲ್ಲಿ ಒಂದು ‘ಬೇಡ’ದಿಂದ ಇನ್ನೊಂದಕ್ಕೆ ಕಣ್ಣು ಜಾರಿ ನಡುವಿನ ಮಾತು ಬಿಟ್ಟುಹೋಗುವುದು ಯಾವ ಲಿಪಿಕಾರನಿಗೂ ಆಗಬಹುದು, ಅದು ನಂಟಿನ ಪುರಾವೆಯಲ್ಲ. ಆದರೆ ಎರಡು ಪ್ರತಿಗಳಲ್ಲಿ ಒಂದೇ ವಚನಕ್ಕೆ ಒಂದೇ ತಪ್ಪು ಅಂಕಿತ ಬಿದ್ದಿದ್ದರೆ, ಒಂದೇ ಕಡೆ ಕ್ರಮ ಕೆಟ್ಟಿದ್ದರೆ, ನಂಟು ಗಟ್ಟಿ. ಗ ಪ್ರತಿಯ ಓಲೆ ಮುರಿದ ಜಾಗದಲ್ಲೇ ಖ ಪ್ರತಿಯಲ್ಲಿ ಖಾಲಿ ಬಿಟ್ಟಿದ್ದರೆ ಖ ಗದಿಂದಲೇ ಇಳಿದದ್ದು. ಗ ಕೈಯಲ್ಲಿರುವಾಗ ಖವನ್ನು ಲೆಕ್ಕದಿಂದ ಬಿಡಿ.

ಕ್ರಮ ಕೆಟ್ಟದ್ದನ್ನು ಎಣಿಸಿ ನೋಡಬೇಕು. ಲುಕ್ರೀಷಿಯಸ್‌ನ ಲ್ಯಾಟಿನ್ ಕಾವ್ಯದ ಒಂದು ಹಸ್ತಪ್ರತಿಯಲ್ಲಿ ನಾಲ್ಕು ಭಾಗಗಳು ಜಾಗ ತಪ್ಪಿ ಕೊನೆಗೆ ಬಂದಿವೆ. ಒಂದೊಂದೂ ಸುಮಾರು 52 ಸಾಲು. ಹಾಳೆಗೆ ಎರಡು ಪುಟ, ಅಂದರೆ ಪುಟಕ್ಕೆ 26 ಸಾಲಿನ ಹಳೆಯ ಪ್ರತಿಯಿಂದ ಹಾಳೆಗಳು ಕಳಚಿದ್ದವು. ಕಣ್ಣಿಗೇ ಬೀಳದ ಆ ಮೂಲಪ್ರತಿಯ ಅಳತೆಯನ್ನು ಲಾಖ್ಮನ್ ತಮ್ಮ 1850ರ ಆವೃತ್ತಿಯಲ್ಲಿ ಹೀಗೆ ಕಟ್ಟಿಕೊಟ್ಟರು. ಎಂಥ ಕಾಣ್ಕೆ! ಓಲೆಗೂ ಇದೇ ಲೆಕ್ಕ: ಬದಿಗೆ 6 ಸಾಲು, ಸಾಲಿಗೆ 50 ಅಕ್ಷರವಾದರೆ ಎರಡೂ ಬದಿ ಸೇರಿ ಓಲೆಗೆ 600. ಜಾಗ ತಪ್ಪಿದ ಭಾಗಗಳು 600ರ ಆಸುಪಾಸು ಬಂದರೆ ಮೂಲದ ದಾರ ಹರಿದು ಓಲೆ ಅದಲುಬದಲಾಗಿದೆ.

ಒಂದೇ ಮೂಲದಿಂದ ಇಳಿದ ಪ್ರತಿಗಳ ಗುಂಪು ಒಂದು ಕವಲು; ಬೇರೆ ಬೇರೆ ಕವಲುಗಳು ಒಪ್ಪಿದ ಪಾಠವನ್ನು ಮೊದಲು ಇಟ್ಟುಕೊಳ್ಳಿ. ಒಪ್ಪದ ಕಡೆ ಅರ್ಥ, ಆ ಶರಣರ ನುಡಿಗಟ್ಟು ನೋಡಿ ಆರಿಸಿ. ಊಹೆಯ ತಿದ್ದುಪಡಿ ಕಟ್ಟಕಡೆಗೆ. ಲಿಪಿಕಾರ ಎರಡು ಪ್ರತಿ ಎದುರಿಟ್ಟುಕೊಂಡು ಬರೆದಿದ್ದರೆ ಕವಲುಗಳು ಹೆಣೆದುಕೊಳ್ಳುತ್ತವೆ. ವಚನ ಬಾಯಿಂದ ಬಾಯಿಗೂ ಹರಿದದ್ದರಿಂದ ಇದು ಇನ್ನೂ ಹೆಚ್ಚು. ಅಲ್ಲಿ ಪ್ರತಿಗಳ ವಂಶವೃಕ್ಷವನ್ನು ಒತ್ತಾಯದಿಂದ ಎಳೆಯದೆ, ಬಿಟ್ಟ ಪಾಠಗಳನ್ನೆಲ್ಲ ಪ್ರತಿಯ ಗುರುತಿನೊಡನೆ ಅಡಿಟಿಪ್ಪಣಿಗೆ ಹಾಕಿ.