ಕ್ಯಾತ್ಸಂದ್ರಕ್ಕೆ ಒಂದು ಟಿಕೆಟ್

ಪ್ಯಾನಿಕ್ ಅಟ್ಯಾಕಿಗೆ, ಎಂದರೆ ಇದ್ದಕ್ಕಿದ್ದಂತೆ ಎರಗುವ ವಿಪರೀತ ಗಾಬರಿಗೆ, ಮಾತ್ರೆಯಿಂದ ನನಗೆ ಉಪಯೋಗವಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮಾತ್ರೆ ಎಸೆದು ಗೆದ್ದವರ ಕಥೆ ಹುಡುಕಿಕೊಂಡು ಬಂದವರಿಗೆ ಇಲ್ಲಿ ಅದು ಸಿಗುವುದಿಲ್ಲ. ಮನೋವೈದ್ಯರು ಬರೆದುಕೊಟ್ಟ ದಿನದ ಗುಳಿಗೆ ಹಿಡಿಯಲು ಕೆಲವು ವಾರ ಬೇಕಾಯಿತು. ಹಿಡಿದ ಮೇಲೆ ನಡುರಾತ್ರಿ ಎದೆ ಡವಡವ ಎಂದು ಎದ್ದು ಕೂರುವುದು ತಪ್ಪಿತು. ತಪ್ಪದೆ ಉಳಿದದ್ದು ರೈಲಿನ ಭಯ.

ತುಮಕೂರಿನಿಂದ ಯಶವಂತಪುರಕ್ಕೆ ದಿನವೂ ಹೋಗಿಬರುವ ಪಾಸಿನವಳು ನಾನು. ಒಂದು ಬೆಳಿಗ್ಗೆ ದಾಬಸ್‌ಪೇಟೆ ದಾಟಿದ ಮೇಲೆ, ನಿಂತಲ್ಲೇ ಉಸಿರು ಕಟ್ಟಿ, ಕೈಕಾಲು ತಣ್ಣಗಾಗಿ, ಜೀವ ಹೋಯಿತೆಂದೇ ಅನ್ನಿಸಿತು. ಮರುವಾರದಿಂದ ಬಸ್ಸು ಹಿಡಿದೆ. ನೆಲಮಂಗಲದ ಬಳಿ ಬಸ್ಸಿನಲ್ಲೂ ಅದೇ ಆಯಿತು, ಬಸ್ಸನ್ನೂ ಬಿಟ್ಟೆ. ಆಮೇಲೆ ಮದುವೆ ಛತ್ರ, ಬ್ಯಾಂಕಿನ ಸರತಿ, ಸಿನಿಮಾ, ಒಂದೊಂದೇ ಕೈಬಿಟ್ಟು ಹೋದವು. ಸಂಬಂಧಿಕರಿಗೆ ಗ್ಯಾಸ್ಟ್ರಿಕ್ ಎಂದು ಹೇಳುತ್ತಿದ್ದೆವು. ಅದನ್ನು ಎಲ್ಲರೂ ಪ್ರಶ್ನೆ ಕೇಳದೆ ಒಪ್ಪುತ್ತಾರೆ.

ಹೃದಯದ ತೊಂದರೆಯಲ್ಲ ಎಂಬುದು ಮೊದಲು ಖಚಿತವಾಗಬೇಕು. ನನಗೆ ಇ.ಸಿ.ಜಿ., ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆಗಳಾದವು. ಥೈರಾಯ್ಡ್ ಹೆಚ್ಚಾದರೂ ರಕ್ತಹೀನತೆಯಾದರೂ ಎದೆ ಹೀಗೆಯೇ ಓಡುತ್ತದೆ, ಹಾಗಾಗಿ ಈ ಹಂತವನ್ನು ಹಾರಿಸಬಾರದು. ಆದರೆ ವೈದ್ಯರು ಸರಿಯಾಗಿದೆ ಎಂದ ಮೇಲೂ ತಿಂಗಳು ತಿಂಗಳು ಇ.ಸಿ.ಜಿ. ತೆಗೆಸಿಕೊಳ್ಳುವುದು ಚಿಕಿತ್ಸೆಯಲ್ಲ, ಕಾಯಿಲೆಯದೇ ಒಂದು ಭಾಗ.

ಮನೋವೈದ್ಯರೇ ನನ್ನನ್ನು ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿಗೆ ಕಳುಹಿಸಿದರು. ಆಕೆ ಬೋರ್ಡಿನ ಮೇಲೆ ಒಂದು ಸುತ್ತು ಬರೆದು ತೋರಿಸಿದರು. ಎದೆಬಡಿತ ಏರುತ್ತದೆ, ಮನಸ್ಸು ಅದನ್ನು ಹೃದಯಾಘಾತ ಎಂದು ಓದಿಕೊಳ್ಳುತ್ತದೆ, ಆ ಓದಿನಿಂದ ಭಯ, ಭಯದಿಂದ ಇನ್ನಷ್ಟು ಬಡಿತ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಮುಂದಿಟ್ಟ ವಿವರಣೆಯಂತೆ ಇದು. ಹೆದರಿದಾಗ ನಮಗೇ ತಿಳಿಯದೆ ಉಸಿರಾಟ ಜೋರಾಗುತ್ತದೆ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಬೇಕಾದದ್ದಕ್ಕಿಂತ ಹೆಚ್ಚು ಹೊರಹೋಗಿ ಮಿದುಳಿನ ರಕ್ತನಾಳಗಳು ಕೊಂಚ ಕಿರಿದಾಗುತ್ತವೆ, ತಲೆ ತೇಲಿದಂತಾಗುತ್ತದೆ, ತುಟಿ ಮತ್ತು ಬೆರಳ ತುದಿ ಜೋಮು ಹಿಡಿಯುತ್ತವೆ. ಗಾಳಿ ಸಾಲದು ಎಂದು ಬಾಯಿ ತೆರೆದು ಎಳೆದುಕೊಳ್ಳುವ ಹೊತ್ತಿನಲ್ಲಿ ನಿಜವಾಗಿ ಗಾಳಿ ಹೆಚ್ಚೇ ಆಗಿರುತ್ತದೆ. ಇನ್ನು ಎಚ್ಚರ ತಪ್ಪಿ ಬೀಳುವ ಭಯ. ರಕ್ತದೊತ್ತಡ ಇಳಿದಾಗ ಎಚ್ಚರ ತಪ್ಪುತ್ತದೆ, ಗಾಬರಿಯಲ್ಲಾದರೋ ಅದು ಸಾಮಾನ್ಯವಾಗಿ ಏರುತ್ತದೆ. ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ತಾನಾಗಿಯೇ ಇಳಿಯತೊಡಗುತ್ತದೆ.

ಇದೆಲ್ಲ ತಲೆಗೆ ಹೋಯಿತು, ಎದೆ ಮಾತ್ರ ಕೇಳಲಿಲ್ಲ. ಎದೆಗೆ ಪಾಠವಾದದ್ದು ಆಮೇಲಿನ ಕಸರತ್ತುಗಳಿಂದ.

ಮೊದಲ ಕಸರತ್ತು ಕುರ್ಚಿಯಲ್ಲಿ ಕುಳಿತು ಒಂದು ನಿಮಿಷ ಬೇಕೆಂತಲೇ ಜೋರಾಗಿ, ಬೇಗಬೇಗ ಉಸಿರಾಡುವುದು. ಹೃದಯ ಸರಿಯಿದೆ ಎಂಬ ವರದಿ ನೋಡಿದ ಮೇಲೆಯೇ ಆಕೆ ಇದನ್ನು ತಮ್ಮೆದುರು ಮಾಡಿಸಿದ್ದು. ಅರ್ಧ ನಿಮಿಷಕ್ಕೆ ತುಟಿ ಜುಮುಜುಮು ಎಂದಿತು. ಆಮೇಲೆ ಬೆರಳುಗಳು ಮರಗಟ್ಟಿದವು, ಕಿಟಕಿಯ ಸರಳುಗಳು ದೂರ ಸರಿದಂತೆ ಕಂಡವು. ರೈಲಿನಲ್ಲಿ ಆಗಿದ್ದೆಲ್ಲವೂ, ಅದೇ ಕ್ರಮದಲ್ಲಿ, ಫ್ಯಾನಿನ ಕೆಳಗೆ ಆಯಿತು. ನಿಲ್ಲಿಸಿದೆ, ಸ್ವಲ್ಪ ಹೊತ್ತಿಗೆ ಎಲ್ಲವೂ ಹೋಯಿತು. ಮನೆಯಲ್ಲಿ ಇದನ್ನೇ ದಿನಾ ಮಾಡಬೇಕಿತ್ತು. ಜೊತೆಗೆ ಮಹಡಿ ಮೆಟ್ಟಿಲು ಓಡಿ ಹತ್ತುವುದು, ನಿಂತಲ್ಲೇ ಗಿರಗಿರ ಸುತ್ತುವುದು. ಅಮ್ಮ ಅಡುಗೆಮನೆಯಿಂದ ಇಣುಕಿ, “ಇದೇನೇ, ಮೈಮೇಲೆ ದೇವರು ಬಂದವರ ಹಾಗೆ ಬುಸುಗುಟ್ಟುತ್ತಿದ್ದೀಯ?” ಎಂದು ಕೇಳಿದರು. “ಡಾಕ್ಟರು ಹೇಳಿದ್ದಾರಮ್ಮ” ಎಂದೆ. “ಫೀಸು ತೆಗೆದುಕೊಂಡು ಇದನ್ನು ಹೇಳಿಕೊಟ್ಟರೇ?” ಎಂದರು.

ಎರಡನೆಯದು ರೈಲು. ಈ ಚಿಕಿತ್ಸೆಯಲ್ಲಿ ಭಯದ ಜಾಗಗಳನ್ನು ಸುಲಭದಿಂದ ಕಷ್ಟಕ್ಕೆ ಏಣಿಯಂತೆ ಬರೆದುಕೊಳ್ಳಬೇಕು. ನನಗೆ ಬರೆಯುವ ಕೆಲಸವೇ ಇರಲಿಲ್ಲ, ರೈಲ್ವೆಯವರು ಆಗಲೇ ಬರೆದಿಟ್ಟಿದ್ದರು: ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದ, ಮುಂದೆ ಸೋಲದೇವನಹಳ್ಳಿ, ಚಿಕ್ಕಬಾಣಾವರ, ಯಶವಂತಪುರ. ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರ್ ರೈಲಿಗೆ ಕ್ಯಾತ್ಸಂದ್ರದವರೆಗೆ ಟಿಕೆಟ್ ತೆಗೆದುಕೊಂಡೆ. ಕೌಂಟರಿನಲ್ಲಿದ್ದವರು ತಲೆಯೆತ್ತಿ ನೋಡಿದರು, ಸಿಟಿ ಬಸ್ಸಿನಲ್ಲಿ ಹೋಗಬಹುದಾದ ದೂರ ಅದು. ಇಳಿದು ತಟ್ಟೆ ಇಡ್ಲಿ ತಿಂದು ವಾಪಸಾದೆ. ಅದೇ ನಿಲ್ದಾಣಕ್ಕೆ ಬೇಸರ ಬರುವವರೆಗೆ ಹೋಗಬೇಕು, ಬೇಸರ ಬಂದರೆ ಮುಂದಿನದಕ್ಕೆ ಎಂಬುದು ಮನಶ್ಶಾಸ್ತ್ರಜ್ಞೆಯ ನಿಯಮ. ಧೈರ್ಯ ಬರುವವರೆಗೆ ಎಂದು ಅವರು ಹೇಳಲಿಲ್ಲ. ಈ ವ್ಯತ್ಯಾಸ ನನಗೆ ಬಹಳ ಹಿಡಿಸಿತು. ಧೈರ್ಯ ಬಂತೋ ಇಲ್ಲವೋ ಎಂದು ನಮ್ಮನ್ನು ನಾವೇ ಅಳೆಯುತ್ತಾ ಕೂರಬಹುದು, ಬೇಸರಕ್ಕೆ ಅಂಥ ಅನುಮಾನವಿಲ್ಲ.

ಹೋಗುವ ಮುನ್ನ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುತ್ತಿದ್ದೆ. “ಹಿರೇಹಳ್ಳಿ. ಎಚ್ಚರ ತಪ್ಪಿ ಬೀಳುತ್ತೇನೆ. ನಂಬಿಕೆ: ನೂರಕ್ಕೆ 90.” ಬಂದ ಮೇಲೆ ಪಕ್ಕದಲ್ಲಿ ಇನ್ನೊಂದು ಸಾಲು: “ಎದೆ ಹೊಡೆದುಕೊಂಡಿತು, ಬೆವರು, ಬೀಳಲಿಲ್ಲ.” ಸಂಖ್ಯೆ ಇಳಿಯುವುದಕ್ಕೆ ಸಾಕಷ್ಟು ಕಾಲ ಬೇಕಾಯಿತು. ದಾಬಸ್‌ಪೇಟೆಯಲ್ಲಿ ಅಂತೂ ಮತ್ತೆ ಮೇಲಕ್ಕೇ ಹೋಯಿತು, ಮೊದಲ ಅಟ್ಯಾಕ್ ಆದ ಜಾಗವಲ್ಲವೇ? ಅಲ್ಲಿ ರೈಲು ಇನ್ನೊಂದು ರೈಲಿಗೆ ದಾರಿ ಬಿಡಲು ನಿಂತುಬಿಟ್ಟಾಗ ಇಳಿದು ಓಡಬೇಕೆನಿಸಿತು. ಕಿಟಕಿಯಾಚೆ ಶಿವಗಂಗೆ ಬೆಟ್ಟ ಕಾಣುತ್ತಿತ್ತು. ಏರಲಿ, ಎಷ್ಟು ಏರುತ್ತದೋ ನೋಡೋಣ ಎಂದು ಕುಳಿತೆ. ಏರಿತು. ಆಮೇಲೆ ಇಳಿಯಿತು. ರೈಲು ಇನ್ನೂ ಹೊರಟಿರಲಿಲ್ಲ.

ಪರ್ಸಿನಲ್ಲಿದ್ದ ‘ಅವಸರದ ಗುಳಿಗೆ’ಯ ವಿಷಯ ಹೇಳಬೇಕು. ಕ್ಲೋನಾಜೆಪಾಮ್‌ನಂಥ ಗುಳಿಗೆಗಳು ಬೇಗ ಸಮಾಧಾನ ಕೊಡುತ್ತವೆ, ಬಹಳ ದಿನ ತೆಗೆದುಕೊಂಡರೆ ಅಭ್ಯಾಸವಾಗುತ್ತವೆ. ನಾನು ಅದನ್ನು ನುಂಗುತ್ತಿರಲಿಲ್ಲ, ಪರ್ಸಿನ ಮೇಲೆ ಕೈಯಿಟ್ಟು ಇದೆಯೆಂದು ನೋಡಿಕೊಳ್ಳುತ್ತಿದ್ದೆ, ಅಷ್ಟೆ. ಅದೂ ಭಯಕ್ಕೆ ಕೊಡುವ ಕಪ್ಪವೇ ಎಂದರು ಮನಶ್ಶಾಸ್ತ್ರಜ್ಞೆ. ಅದು ಇದ್ದದ್ದರಿಂದ ಬದುಕಿದೆ ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದಂತೆ. ನೀರಿನ ಬಾಟಲಿ, ಬಾಗಿಲ ಪಕ್ಕದ ಜಾಗ, ಪ್ರತಿ ನಿಲ್ದಾಣದಲ್ಲೂ ಯಜಮಾನರಿಗೆ ಫೋನು, ಎಲ್ಲವೂ ಇದೇ ಪಟ್ಟಿಗೆ ಸೇರಿದವು. ಮನೋವೈದ್ಯರ ಒಪ್ಪಿಗೆ ಪಡೆದು ಗುಳಿಗೆಯನ್ನು ಮನೆಯಲ್ಲಿಟ್ಟೆ. ಅಮ್ಮ ಕಟ್ಟಿಸಿದ ತಾಯಿತ ಮಾತ್ರ ಕೊರಳಲ್ಲೇ ಉಳಿಯಿತು, ಅದನ್ನು ಮುಟ್ಟಿ ನೋಡಿಕೊಳ್ಳುವುದನ್ನು ಬಿಟ್ಟೆ.

ದಿನದ ಗುಳಿಗೆಯ ಮಾತು ಬೇರೆ. ಅದನ್ನು ಇಳಿಸುವುದೂ ನಿಲ್ಲಿಸುವುದೂ ವೈದ್ಯರು ಹೇಳಿದಾಗ, ಅವರು ಹೇಳಿದ ಕ್ರಮದಲ್ಲಿ. ಚೆನ್ನಾಗಿದ್ದೇನೆ ಎಂದು ಥಟ್ಟನೆ ಬಿಟ್ಟು ಒದ್ದಾಡಿದವರನ್ನು ನೋಡಿದ್ದೇನೆ.

‘ದೀರ್ಘವಾಗಿ ಉಸಿರೆಳೆದುಕೋ’ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ, ನನಗೆ ಅದರಿಂದ ಕೆಟ್ಟದ್ದೇ ಆಯಿತು. ಆಗಲೇ ಹೆಚ್ಚಾಗಿರುವ ಗಾಳಿಗೆ ಇನ್ನಷ್ಟು ಸೇರಿಸಿದಂತೆ. ಮೂಗಿನಿಂದ ಸಣ್ಣದಾಗಿ ಎಳೆದು, ಬಿಡುವುದನ್ನು ಉದ್ದ ಮಾಡಿ, ನಿಮಿಷಕ್ಕೆ ಆರು ಉಸಿರಿನ ಹತ್ತಿರಕ್ಕೆ ತಂದರೆ ಮೈ ಸಡಿಲವಾಗುತ್ತದೆ. ಇದನ್ನು ರಾತ್ರಿ ಮಲಗುವ ಮುನ್ನ ಮಾಡುತ್ತೇನೆ. ರೈಲಿನಲ್ಲಿ ಅಟ್ಯಾಕನ್ನು ಓಡಿಸಲು ಮಾಡುವುದಿಲ್ಲ, ಅಲ್ಲಿ ಅದು ಬಂದು ಹೋಗಲಿ. ಫಿಲ್ಟರ್ ಕಾಫಿಯನ್ನು ಬೆಳಗಿನ ಒಂದು ಲೋಟಕ್ಕೆ ಇಳಿಸಿದೆ, ತಿಂಡಿ ಬಿಡುವುದನ್ನು ನಿಲ್ಲಿಸಿದೆ. ಭಾನುವಾರ ದೇವರಾಯನದುರ್ಗದ ಮೆಟ್ಟಿಲು ಹತ್ತುವುದು ಎರಡು ಕೆಲಸ ಮಾಡಿತು. ವ್ಯಾಯಾಮವೂ ಆಯಿತು, ಎದೆ ಜೋರಾಗಿ ಬಡಿದುಕೊಂಡರೂ ಏನೂ ಆಗುವುದಿಲ್ಲ ಎಂಬ ಅಭ್ಯಾಸವೂ ಆಯಿತು.

ಮತ್ತೆ ಪಾಸು ಮಾಡಿಸಿದ್ದು ಅವರೆಕಾಯಿ ಕಾಲದಲ್ಲಿ. ಸಂಜೆ ವಾಪಸು ಬರುವಾಗ ಮಹಿಳೆಯರ ಬೋಗಿಯಲ್ಲಿ ಮಡಿಲ ತುಂಬ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತಾರೆ, ಕೆಲವರು ಮನೆ ಸೇರುವಷ್ಟರಲ್ಲಿ ಸಾರಿಗೆ ಸಿದ್ಧಮಾಡಿಕೊಂಡಿರುತ್ತಾರೆ. ಎದುರಿಗಿದ್ದ ಅಕ್ಕ ನನ್ನ ಮಡಿಲಿಗೂ ಒಂದು ಬೊಗಸೆ ಹಾಕಿ, “ಸುಮ್ಮನೆ ಕೂತಿದ್ದೀಯಲ್ಲ, ಬಿಡಿಸಮ್ಮ” ಎಂದರು. ಸೊಗಡಿನ ಅಂಟು ಬೆರಳಿಗೆ ಹತ್ತಿತು. ಹುಳುಕು ಕಾಳು ಆರಿಸುತ್ತಾ ಆರಿಸುತ್ತಾ ದಾಬಸ್‌ಪೇಟೆ ಬಂದು ಹೋದದ್ದು ತಿಳಿಯಲಿಲ್ಲ.

ಆಮೇಲೆ ಪೂರ್ತಿ ಹೋಯಿತೆಂದಲ್ಲ. ಜ್ವರ ಬಂದು ನಿದ್ದೆಗೆಟ್ಟ ವಾರ ಅಟ್ಯಾಕ್ ಮತ್ತೆ ಬಂತು. ಕ್ಯಾತ್ಸಂದ್ರದಿಂದ ಮತ್ತೆ ಶುರು ಮಾಡಿದೆ, ಈ ಸಲ ಏಣಿ ಬೇಗ ಹತ್ತಿದೆ.

ಖಾಸಗಿಯಾಗಿ ತೋರಿಸಿಕೊಳ್ಳಲು ಆಗದವರಿಗೆ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ಕ್ಲಿನಿಕ್ ನಡೆಯುತ್ತದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಇನ್ನು ಬೋಗಿಯಲ್ಲಿ ಪಕ್ಕದವರಿಗೆ ಹೀಗಾದರೆ. ಇದೇ ಮೊದಲ ಸಲವಾಗಿದ್ದರೆ, ಅಥವಾ ಎದೆನೋವು ತೋಳಿಗೋ ದವಡೆಗೋ ಹರಡುತ್ತಿದ್ದರೆ, ಪ್ಯಾನಿಕ್ ಎಂದು ನೀವೇ ತೀರ್ಮಾನಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ಯಾನಿಕ್ ಎಂದು ಅವರಿಗೇ ಗೊತ್ತಿದ್ದರೆ ಸುತ್ತ ಗುಂಪು ಕಟ್ಟಬೇಡಿ, ಮುಖಕ್ಕೆ ನೀರು ಎರಚಬೇಡಿ, ಪ್ಲಾಸ್ಟಿಕ್ ಕವರಿನಲ್ಲಿ ಉಸಿರಾಡಿಸಬೇಡಿ. ಪಕ್ಕದಲ್ಲಿ ಕುಳಿತು, “ಇದು ಹತ್ತು ಹದಿನೈದು ನಿಮಿಷದಲ್ಲಿ ಇಳಿಯುತ್ತದೆ, ನಾನು ಇಲ್ಲೇ ಇರುತ್ತೇನೆ” ಎನ್ನಿ. ಗಾಬರಿ ಇಳಿದ ಮೇಲೆ ಮುಂದಿನ ನಿಲ್ದಾಣದಲ್ಲಿ ಇಳಿಸಿ ಮನೆಗೆ ಕಳುಹಿಸುವ ಆತುರ ಬೇಡ, ಅವರು ಎಲ್ಲಿಗೆ ಹೊರಟಿದ್ದರೋ ಅಲ್ಲಿಯವರೆಗೂ ಹೋಗಲಿ.